ಬೀದಿಗಿಳಿಯುವ ಮುಂಚಿನ ಕೆಲಸ: ‘ಎ ಫೋರ್ಸ್ ಮೋರ್ ಪವರ್‌ಫುಲ್’ ಸಾಕ್ಷ್ಯಚಿತ್ರ ವಿಮರ್ಶೆ

ಅಹಿಂಸಾ ಹೋರಾಟಗಳ ಮೇಲಿನ ಸಾಕ್ಷ್ಯಚಿತ್ರ ಎಂದರೆ ಸಾಮಾನ್ಯವಾಗಿ ಜನಸಾಗರ, ಲಾಠಿ, ಜೈಲು, ಕೊನೆಗೆ ಜಯಘೋಷ. ಆ ಜನ ಸೇರುವ ಮುಂಚಿನ ಆರು ತಿಂಗಳು ಯಾರು ಏನು ಮಾಡುತ್ತಿದ್ದರು, ಮೊದಲ ತಂಡವನ್ನು ಪೊಲೀಸರು ಎತ್ತಿಕೊಂಡು ಹೋದ ಮೇಲೆ ಎರಡನೇ ತಂಡದಲ್ಲಿ ಯಾರಿದ್ದರು, ಎದುರಾಳಿಯ ಯಾವ ನರ ಹಿಡಿಯಬೇಕೆಂದು ಹೇಗೆ ಗೊತ್ತು ಮಾಡಿಕೊಂಡರು ಎಂಬುದು ತೆರೆಗೆ ಬರುವುದು ಕಡಿಮೆ. ಸ್ಟೀವ್ ಯಾರ್ಕ್ ನಿರ್ದೇಶನದ ‘ಎ ಫೋರ್ಸ್ ಮೋರ್ ಪವರ್‌ಫುಲ್’ ಇದಕ್ಕೆ ಅಪವಾದ. 2000ದ ಸೆಪ್ಟೆಂಬರಿನಲ್ಲಿ ಅಮೆರಿಕದ ಪಿಬಿಎಸ್ ವಾಹಿನಿಯಲ್ಲಿ ಎರಡು ಕಂತುಗಳಲ್ಲಿ ಪ್ರಸಾರವಾದ ಈ ಸಾಕ್ಷ್ಯಚಿತ್ರ ಇಪ್ಪತ್ತೈದು ವರ್ಷ ದಾಟಿದರೂ ಈ ವಿಷಯದಲ್ಲಿ ಮೊದಲು ತೋರಿಸಬೇಕಾದ ಚಿತ್ರವೇ. ಹಾಗೆಂದು ಕಣ್ಣು ಮುಚ್ಚಿ ನಂಬುವ ಚಿತ್ರವೂ ಅಲ್ಲ. ಅದರ ಲೆಕ್ಕದಲ್ಲಿ ಕೆಲವು ಖರ್ಚುಗಳು ಬಿಟ್ಟುಹೋಗಿವೆ.

ಮೊದಲ ಕಂತಿನಲ್ಲಿ ಮೂರು ಭಾಗ: 1960ರ ಅಮೆರಿಕದ ನ್ಯಾಶ್ವಿಲ್ ನಗರ, 1930ರ ಭಾರತ, 1985ರ ದಕ್ಷಿಣ ಆಫ್ರಿಕಾ. ಎರಡನೆಯದರಲ್ಲಿ ಮತ್ತೆ ಮೂರು: ನಾಜಿ ಆಕ್ರಮಣದ ಡೆನ್ಮಾರ್ಕ್, 1980ರ ಪೋಲೆಂಡ್, ಸೈನಿಕ ಸರ್ವಾಧಿಕಾರಿ ಪಿನೋಶೆ ಕಾಲದ ಚಿಲಿ. ಒಂದೊಂದೂ ಹತ್ತಿರಹತ್ತಿರ ಅರ್ಧ ಗಂಟೆ, ಒಟ್ಟು ಎರಡೂವರೆ ಗಂಟೆಗೆ ತುಸು ಹೆಚ್ಚು. ನಿರೂಪಣೆ ಬೆನ್ ಕಿಂಗ್ಸ್ಲಿಯವರದು. ಅಟೆನ್‌ಬರೋ ಸಿನಿಮಾದಲ್ಲಿ ಗಾಂಧಿಯಾಗಿದ್ದ ದನಿಯೇ ಇಲ್ಲಿ ಗಾಂಧಿಯ ಬಗ್ಗೆ ಮೂರನೆಯವರಂತೆ ಮಾತಾಡುವುದು ಮೊದಲ ಐದು ನಿಮಿಷ ವಿಚಿತ್ರ ಅನ್ನಿಸುತ್ತದೆ, ಆಮೇಲೆ ಮರೆತುಹೋಗುತ್ತದೆ. ಮೂರು ಭಾಗಗಳಷ್ಟೇ ಇರುವ ಚಲನಚಿತ್ರ ಆವೃತ್ತಿಯೂ 1999ರಲ್ಲಿ ಬಂದಿತ್ತು. ಸಿಕ್ಕರೆ ಅದನ್ನಲ್ಲ, ಆರು ಭಾಗಗಳ ಟಿವಿ ಆವೃತ್ತಿಯನ್ನೇ ಹುಡುಕಿ. ಅಹಿಂಸಾತ್ಮಕ ಸಂಘರ್ಷದ ಅಂತರರಾಷ್ಟ್ರೀಯ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು.

ಆರರಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ನ್ಯಾಶ್ವಿಲ್ ನೋಡಿ. ಕರಿಯರು ಅಂಗಡಿಯಲ್ಲಿ ಸಾಮಾನು ಕೊಳ್ಳಬಹುದು, ಆದರೆ ಅದೇ ಅಂಗಡಿಯ ತಿಂಡಿ ಕೌಂಟರಿನಲ್ಲಿ ಕೂರುವಂತಿಲ್ಲ ಎಂಬ ಪದ್ಧತಿಯ ವಿರುದ್ಧ ವಿದ್ಯಾರ್ಥಿಗಳು ನಡೆಸಿದ ಹೋರಾಟ. ಇದರ ಹಿಂದಿನ ಗುರು ಜೇಮ್ಸ್ ಲಾಸನ್. ಮೆಥಡಿಸ್ಟ್ ಪಾದ್ರಿಯಾಗಿದ್ದ ಅವರು ಐವತ್ತರ ದಶಕದಲ್ಲಿ ಸುಮಾರು ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು, ಗಾಂಧಿಯ ವಿಧಾನಗಳನ್ನು ಹತ್ತಿರದಿಂದ ಅಭ್ಯಾಸ ಮಾಡಿ ವಾಪಸಾದವರು. ಚರ್ಚಿನ ಕೊಠಡಿಯಲ್ಲಿ ಅವರು ನಡೆಸಿದ ತರಬೇತಿಯ ಹಳೆಯ ತುಣುಕುಗಳು ಚಿತ್ರದಲ್ಲಿವೆ, ಇಡೀ ಸಾಕ್ಷ್ಯಚಿತ್ರದ ತೂಕ ಅಲ್ಲಿದೆ. ಸಾಲಾಗಿ ಕುರ್ಚಿ ಹಾಕಿ ಅದನ್ನೇ ಅಂಗಡಿ ಕೌಂಟರ್ ಎಂದುಕೊಳ್ಳುತ್ತಾರೆ. ಕೆಲವರು ಗ್ರಾಹಕರು, ಕೆಲವರು ಗೂಂಡಾಗಳು. ಗೂಂಡಾ ಪಾತ್ರದವರು ನಿಜವಾಗಿಯೇ ಬಯ್ಯುತ್ತಾರೆ, ತಳ್ಳುತ್ತಾರೆ, ಮುಖಕ್ಕೆ ಸಿಗರೇಟಿನ ಹೊಗೆ ಬಿಡುತ್ತಾರೆ. ಕುಳಿತವರ ಕುತ್ತಿಗೆಯ ನರ ಬಿಗಿಯುವುದು ಕಪ್ಪುಬಿಳುಪಿನಲ್ಲೂ ಕಾಣುತ್ತದೆ. ಹೊಡೆತ ಬಿದ್ದಾಗ ಕೈ ತಾನಾಗಿ ಮೇಲೇಳುತ್ತದೆ. ಅದನ್ನು ಉಪದೇಶದಿಂದ ತಡೆಯಲಾಗದು, ಮತ್ತೆಮತ್ತೆ ಮಾಡಿಸಿಯೇ ತಡೆಯಬೇಕು. ಈ ತಿಳಿವಳಿಕೆ ಇಲ್ಲದೆ ಕುಳಿತ ಧರಣಿಗಳು ಎರಡನೇ ದಿನವೇ ಕೈಕೈ ಮಿಲಾಯಿಸುವಲ್ಲಿ ಮುಗಿಯುವುದನ್ನು ನಾವೆಲ್ಲ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ.

ಚಳವಳಿಗಾರರಿಗೆ ಹಂಚಿದ ನಿಯಮಗಳ ಚೀಟಿ ಓದಿದರೆ ಇನ್ನಷ್ಟು ಅರ್ಥವಾಗುತ್ತದೆ. ತಿರುಗಿ ಹೊಡೆಯಬಾರದು, ಬಯ್ಯಬಾರದು ಎಂಬುದು ಯಾರಾದರೂ ಊಹಿಸುವಂಥದ್ದು. ನೆಟ್ಟಗೆ ಕೂರಬೇಕು, ಮುಖ ಸದಾ ಕೌಂಟರಿನ ಕಡೆಗೇ ಇರಬೇಕು, ಗಟ್ಟಿಯಾಗಿ ನಗಬಾರದು, ಅಂಗಡಿಯ ಬಾಗಿಲಿಗಾಗಲಿ ಒಳಗಿನ ಓಡಾಟದ ಜಾಗಕ್ಕಾಗಲಿ ಅಡ್ಡ ನಿಲ್ಲಬಾರದು, ನಾಯಕರು ಹೇಳದೆ ಜಾಗ ಬಿಟ್ಟೇಳಬಾರದು ಎಂಬಂಥವು ಕಸುಬು ಬಲ್ಲವರು ಬರೆದವು. ಬಾಗಿಲಿಗೆ ಅಡ್ಡ ನಿಂತರೆ ಪೊಲೀಸರಿಗೆ ಸುಲಭದ ಕೇಸು ಸಿಗುತ್ತದೆ. ಬೆನ್ನ ಹಿಂದಿನವನ ಕಣ್ಣಲ್ಲಿ ಕಣ್ಣಿಟ್ಟರೆ ಜಗಳ ಅಲ್ಲೇ ಶುರು.

ಘಟನಾವಳಿಯನ್ನೂ ಗಮನಿಸಬೇಕು. 1959ರ ನವೆಂಬರ್–ಡಿಸೆಂಬರಿನಲ್ಲಿ ಚಿಕ್ಕ ಗುಂಪು ಎರಡು ಅಂಗಡಿಗಳಿಗೆ ಹೋಗಿ, ತಿಂಡಿ ಕೇಳಿ, ಕೊಡುವುದಿಲ್ಲ ಎಂದಾಗ ಸುಮ್ಮನೆ ಎದ್ದು ಬಂತು. ಅಂಗಡಿಯವರ ಉತ್ತರ ಏನೆಂದು ದಾಖಲೆ ಮಾಡಿಕೊಳ್ಳುವುದಷ್ಟೇ ಉದ್ದೇಶ. ನಿಜವಾದ ಧರಣಿ ಶುರುವಾದದ್ದು 1960ರ ಫೆಬ್ರವರಿ 13ರಂದು, ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ. ಫೆಬ್ರವರಿ 27ರಂದು ಬಿಳಿಯ ಹುಡುಗರು ಬಂದು ಬಡಿದರು. ಪೊಲೀಸರು ಹಿಡಿದದ್ದು ಮಾತ್ರ ಏಟು ತಿಂದವರನ್ನು, 81 ಜನರನ್ನು. ಒಂದು ಸಾಲನ್ನು ಎತ್ತಿಕೊಂಡು ಹೋಗುತ್ತಿದ್ದಂತೆ ಇನ್ನೊಂದು ಸಾಲು ಅದೇ ಸ್ಟೂಲುಗಳ ಮೇಲೆ ಬಂದು ಕೂತಿತು. ನ್ಯಾಯಾಲಯ ತಲಾ 50 ಡಾಲರ್ ದಂಡ ಹಾಕಿದಾಗ ದಂಡ ಕಟ್ಟದೆ ಜೈಲನ್ನೇ ಆರಿಸಿಕೊಂಡರು. ದಂಡ ಕಟ್ಟಿದ್ದರೆ ಚಳವಳಿಯ ಖಜಾನೆ ಒಂದೇ ವಾರಕ್ಕೆ ಬರಿದು. ಜೈಲಿಗೆ ಹೋದರೆ ಊಟ, ಕಾವಲು, ಜಾಗ ಎಲ್ಲದರ ಹೊರೆ ನಗರದ ಮೇಲೆ.

ಆದರೂ ಅಂಗಡಿಯವರನ್ನು ಬಗ್ಗಿಸಿದ್ದು ಬರೀ ಧರಣಿಯಲ್ಲ. ಈಸ್ಟರ್ ಹಬ್ಬದ ಬಟ್ಟೆಬರೆ ವ್ಯಾಪಾರದ ಹೊತ್ತಿಗೆ ಕರಿಯ ಕುಟುಂಬಗಳು ಪೇಟೆಯ ಅಂಗಡಿಗಳನ್ನೇ ಬಿಟ್ಟವು. ಗಲಾಟೆಗೆ ಹೆದರಿ ಬಿಳಿಯ ಗಿರಾಕಿಗಳೂ ಬರುವುದು ಕಡಿಮೆಯಾಯಿತು. ಏಪ್ರಿಲ್ 19ರ ಮುಂಜಾನೆ ಚಳವಳಿಗಾರರ ವಕೀಲ ಅಲೆಕ್ಸಾಂಡರ್ ಲೂಬಿಯವರ ಮನೆಗೆ ಬಾಂಬ್ ಬಿತ್ತು. ಅದೇ ದಿನ ಸಾವಿರಾರು ಜನ ಘೋಷಣೆಯಿಲ್ಲದೆ, ಹಾಡಿಲ್ಲದೆ ನಗರಸಭೆಯವರೆಗೆ ನಡೆದರು. ಅಲ್ಲಿ ಡಯೇನ್ ನ್ಯಾಶ್ ಎಂಬ ವಿದ್ಯಾರ್ಥಿನಿ ಮೇಯರ್ ಬೆನ್ ವೆಸ್ಟ್ ಅವರನ್ನು ನೇರವಾಗಿ ಕೇಳಿದಳು: ಬಣ್ಣ ನೋಡಿ ಕೌಂಟರಿನಲ್ಲಿ ಭೇದ ಮಾಡುವುದು ನಿಮ್ಮ ಮನಸ್ಸಿಗೆ ಸರಿಯೆನಿಸುತ್ತದೆಯೇ? ಮೇಯರ್ ತಪ್ಪೆಂದು ಒಪ್ಪಿಕೊಂಡರು. ಮೇ 10ರಂದು ಕೌಂಟರುಗಳು ತೆರೆದದ್ದೂ ಲೆಕ್ಕಾಚಾರದ ಪ್ರಕಾರವೇ: ಅಂಗಡಿಗೆ ಮುಂಚೆಯೇ ತಿಳಿಸಿ, ಪತ್ರಿಕೆಯವರು ಸದ್ದು ಮಾಡದಂತೆ ನೋಡಿಕೊಂಡು, ಸಣ್ಣ ಗುಂಪುಗಳಲ್ಲಿ. ಎದುರಾಳಿ ಮುಖ ಉಳಿಸಿಕೊಂಡು ಸೋಲಲು ದಾರಿ ಬಿಡುವುದು ಎಷ್ಟು ಮುಖ್ಯ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಚಿತ್ರ ಸಿಗುವುದು ಕಷ್ಟ.

ಭಾರತದ ಭಾಗ ಆರರಲ್ಲಿ ಸಪ್ಪೆ. ನಮಗೆ ಗೊತ್ತಿರುವ ಕಥೆ ಎಂಬುದು ಒಂದು ಕಾರಣ. ಇನ್ನೊಂದು, ಗಾಂಧಿಯನ್ನು ತಂತ್ರಜ್ಞನಾಗಿ ತೋರಿಸುವ ಹಟದಲ್ಲಿ ಆಶ್ರಮ, ಚರಕ, ಉಪವಾಸಗಳೆಲ್ಲ ಹಿನ್ನೆಲೆಯ ಚಿತ್ರಗಳಾಗಿ ಉಳಿಯುತ್ತವೆ. ಸರಣಿಯ ಪ್ರಧಾನ ಸಲಹೆಗಾರ ಪೀಟರ್ ಆಕರ್‌ಮನ್ ಅವರು ಅಹಿಂಸಾ ಹೋರಾಟದ ವಿದ್ವಾಂಸ ಜೀನ್ ಶಾರ್ಪ್ ಅವರ ಶಿಷ್ಯ. ಆಳುವವನ ಬಲವೆಲ್ಲ ಆಳಿಸಿಕೊಳ್ಳುವವರ ಸಹಕಾರದಿಂದ ಬರುತ್ತದೆ, ಆ ಸಹಕಾರವನ್ನು ಹಿಂತೆಗೆಯುವ ವಿದ್ಯೆಯೇ ಅಹಿಂಸಾ ಹೋರಾಟ ಎಂಬುದು ಆ ಪಂಥದ ವಾದ. ಅಲ್ಲಿ ನಂಬಿಕೆಗಿಂತ ತಂತ್ರಕ್ಕೆ ಹೆಚ್ಚು ಬೆಲೆ. ಗಾಂಧಿಯನ್ನು ಫೋಟೋಕ್ಕೆ ಹಾರ ಹಾಕಿ ಮುಗಿಸುವ ನಮ್ಮ ಪದ್ಧತಿಗೆ ಇದೊಂದು ಒಳ್ಳೆಯ ಮದ್ದು ಎಂಬುದನ್ನೂ ಒಪ್ಪಬೇಕು.

ಅದೇ ಜಾಡಿನಲ್ಲಿ ಹೋಗುವುದಾದರೆ ದಂಡಿಯಾತ್ರೆಯಲ್ಲಿ ಅಗೆಯಲು ಬೇಕಾದಷ್ಟಿದೆ. 1930ರ ಮಾರ್ಚ್ 12ರಿಂದ ಏಪ್ರಿಲ್ 6ರವರೆಗೆ ಸಾಬರಮತಿಯಿಂದ ದಂಡಿಗೆ ಸುಮಾರು 385 ಕಿಲೋಮೀಟರ್ ನಡಿಗೆ. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ‘ಅರುಣ ತುಕಡಿ’ ಮುಂಚಿತವಾಗಿ ಹಳ್ಳಿಗಳಿಗೆ ಹೋಗಿ ತಂಗುವ ಜಾಗ, ನೀರು, ಶೌಚದ ಏರ್ಪಾಡು ನೋಡುತ್ತಿತ್ತು. ಯಾತ್ರಿಗಳಿಗೆ ದಿನವೂ ನೂಲುವುದು, ಡೈರಿ ಬರೆಯುವುದು ಕಡ್ಡಾಯ. ದಾರಿಯುದ್ದಕ್ಕೂ ಗ್ರಾಮಾಧಿಕಾರಿಗಳು ರಾಜೀನಾಮೆ ಕೊಡಬೇಕೆಂಬ ಒತ್ತಾಯ. ಕಂದಾಯ ವಸೂಲಿ ಮಾಡುವ ಪಟೇಲನೇ ಕೈಬಿಟ್ಟರೆ ಜಿಲ್ಲಾ ಕಲೆಕ್ಟರ್ ಯಾರ ಕೈಲಿ ಕೆಲಸ ಮಾಡಿಸಬೇಕು? ಮೇ 21ರಂದು ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ಧರಾಸಣದ ಉಪ್ಪಿನ ಕೋಠಿಯತ್ತ ಸಾಲುಸಾಲಾಗಿ ನಡೆದವರ ಮೇಲೆ ಬಿದ್ದ ಲಾಠಿಯನ್ನು ಜಗತ್ತಿಗೆ ಮುಟ್ಟಿಸಿದ್ದು ಯುನೈಟೆಡ್ ಪ್ರೆಸ್‌ನ ವೆಬ್ ಮಿಲ್ಲರ್ ವರದಿ. ಒಂದು ಸಾಲು ಉರುಳಿದ ಮೇಲೆ ಇನ್ನೊಂದು ಸಾಲು. ನ್ಯಾಶ್ವಿಲ್ಲಿನ ಸ್ಟೂಲುಗಳ ತರ್ಕ ಇಲ್ಲಿಂದಲೇ ಹೋದದ್ದೆಂದು ಎರಡು ಭಾಗ ಒಟ್ಟಿಗೆ ನೋಡಿದವರಿಗೆ ತಾನಾಗಿ ಹೊಳೆಯುತ್ತದೆ.

ಇಷ್ಟಾಗಿಯೂ 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಉಪ್ಪಿನ ತೆರಿಗೆ ರದ್ದಾಗಲಿಲ್ಲ. ಉಪ್ಪು ಸಿಗುವ ಕಡೆಯ ಹಳ್ಳಿಗರು ಮನೆ ಬಳಕೆಗೆ, ಊರೊಳಗಿನ ಮಾರಾಟಕ್ಕೆ ತೆಗೆದುಕೊಳ್ಳಬಹುದು ಎಂಬಷ್ಟಕ್ಕೇ ರಿಯಾಯಿತಿ. ಆರು ಕಥೆಗಳಲ್ಲಿ ತಕ್ಷಣದ ಬೇಡಿಕೆ ಅರೆಬರೆ ಈಡೇರಿದ ಕಥೆ ಇದು. ಅದನ್ನೇ ಕೇಂದ್ರಕ್ಕೆ ತಂದಿದ್ದರೆ ಈ ಭಾಗಕ್ಕೆ ಬೇರೆಯದೇ ಕಸುವು ಬರುತ್ತಿತ್ತು.

ಕನ್ನಡದ ಪ್ರೇಕ್ಷಕರ ಮುಂದೆ ಈ ಭಾಗ ತೋರಿಸುವವರು ಎರಡು ಸಂಗತಿ ಸೇರಿಸಿ ಹೇಳಬೇಕು. ಅರ್ಧ ಗಂಟೆಯ ಅಮೆರಿಕನ್ ಚಿತ್ರದಲ್ಲಿ ಅವನ್ನು ನಿರೀಕ್ಷಿಸುವಂತಿಲ್ಲ. ದಂಡಿಗೆ ನಡೆದವರಲ್ಲಿ ಕರ್ನಾಟಕದವರು ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಆಗಿನ್ನೂ ಇಪ್ಪತ್ತು ತುಂಬದ ಹುಡುಗ. ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಆಮೇಲೆ ಅಂಕೋಲ, ಸಿದ್ದಾಪುರದ ಕಡೆ ನಡೆದ ಕರ ನಿರಾಕರಣೆಯಲ್ಲಿ ರೈತರ ಜಮೀನು ಜಪ್ತಿಯಾಗಿ ಹರಾಜಾಯಿತು. ಹೋರಾಟಗಾರ ಕೊಟ್ಟ ಬೆಲೆ ಏನೆಂದು ಕೇಳುವವರಿಗೆ ಆ ಹರಾಜು ಸಾಕು.

ಎರಡನೆಯ ಸಂಗತಿ ಹೆಚ್ಚು ಮುಖ್ಯ. ಕೌಂಟರಿನಲ್ಲಿ ಕೂರುವ ಹಕ್ಕಿಗಾಗಿ ನ್ಯಾಶ್ವಿಲ್ ನಡೆಸಿದ ಹೋರಾಟಕ್ಕೆ ನಮ್ಮಲ್ಲಿ ನಿಜವಾದ ಸೋದರ ದಂಡಿಯಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು, 1930ರಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ ಕುಳಿತದ್ದು. ಕಾಳಾರಾಮ ಸತ್ಯಾಗ್ರಹ ಶುರುವಾದ ದಿನ ಮಾರ್ಚ್ 2. ಗಾಂಧಿ ವೈಸ್‌ರಾಯ್‌ಗೆ ಉಪ್ಪಿನ ಪತ್ರ ಬರೆದದ್ದೂ ಅದೇ ದಿನ. ಸರ್ಕಾರದ ವಿರುದ್ಧ ನಡೆಯುವ ಅಸಹಕಾರವೇ ಬೇರೆ, ಪಕ್ಕದ ಬೀದಿಯವರ ವಿರುದ್ಧ ನಡೆಯಬೇಕಾದ ಅಸಹಕಾರವೇ ಬೇರೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶವನ್ನು ಸಾಕ್ಷ್ಯಚಿತ್ರ ಬಿಟ್ಟಿದೆ, ಚರ್ಚೆ ನಡೆಸುವವರು ಬಿಡಬೇಕಿಲ್ಲ.

ದಕ್ಷಿಣ ಆಫ್ರಿಕಾದ ಭಾಗಕ್ಕೆ ಆರಿಸಿಕೊಂಡ ಊರು ಪೋರ್ಟ್ ಎಲಿಜಬೆತ್, ಈಗಿನ ಹೆಸರು ಗ್ಕೆಬೆರ್ಹಾ. ಮಂಡೇಲಾ ಸುತ್ತ ಸುತ್ತುವ ನೂರು ಚಿತ್ರಗಳ ನಡುವೆ ಇದೊಂದು ಜಾಣ ಆಯ್ಕೆ. 1985ರ ಜುಲೈ 15ರಂದು ಕರಿಯರು ಬಿಳಿಯರ ಅಂಗಡಿಗಳಲ್ಲಿ ಏನನ್ನೂ ಕೊಳ್ಳುವುದಿಲ್ಲ ಎಂದು ನಿಂತರು. ಮುಂದಾಳು ಎಂಖುಸೆಲಿ ಜ್ಯಾಕ್, ಇಪ್ಪತ್ತರ ಹರೆಯದ ಹುಡುಗ, ಮೈಕ್ ಹಿಡಿದರೆ ಜನ ಬೇರೆಡೆ ನೋಡುತ್ತಿರಲಿಲ್ಲ. ಬೇಡಿಕೆಗಳ ಪಟ್ಟಿ ಗಮನಿಸಿ: ಸಾರ್ವಜನಿಕ ಸ್ಥಳಗಳನ್ನು ಎಲ್ಲರಿಗೂ ತೆರೆಯಿರಿ, ನಮ್ಮ ಬಡಾವಣೆಗಳಿಂದ ಸೈನ್ಯ ತೆಗೆಯಿರಿ, ಕೆಲಸದ ಜಾಗದಲ್ಲಿ ಭೇದಭಾವ ನಿಲ್ಲಿಸಿ. ವರ್ಣಭೇದ ನೀತಿಯನ್ನೇ ಕಿತ್ತುಹಾಕಿ ಎಂದು ಒಬ್ಬ ಜವಳಿ ವ್ಯಾಪಾರಿಯನ್ನು ಕೇಳಿ ಪ್ರಯೋಜನವಿಲ್ಲ, ಅವನ ಕೈಲಿ ಅದಿಲ್ಲ. ಸೈನ್ಯ ತೆಗೆಸಿ ಎಂದು ಸರ್ಕಾರದ ಬಾಗಿಲು ಬಡಿಯುವುದು ಅವನಿಂದ ಸಾಧ್ಯ. ನವೆಂಬರ್ ಹೊತ್ತಿಗೆ ವಾಣಿಜ್ಯ ಮಂಡಳಿಯವರೇ ಮಧ್ಯೆ ಬಂದು ಬಂಧಿತ ನಾಯಕರ ಬಿಡುಗಡೆಗೆ ಓಡಾಡಿದರು. ಬಿಡುಗಡೆಯಾಯಿತು, ಪ್ರತಿಯಾಗಿ ಮಾರ್ಚ್ ಕೊನೆಯವರೆಗೆ ಬಹಿಷ್ಕಾರಕ್ಕೆ ವಿರಾಮ. ಕ್ರಿಸ್‌ಮಸ್ ವ್ಯಾಪಾರ ಕಣ್ಣಮುಂದಿದ್ದಾಗ ಅಂಗಡಿಯವನ ಕಿವಿ ಚೆನ್ನಾಗಿ ಕೇಳಿಸುತ್ತದೆ.

ಸಭೆ ನಿಷೇಧವಿದ್ದ ಕಾಲದಲ್ಲಿ ಶವಸಂಸ್ಕಾರಗಳೇ ಸಭೆಗಳಾದದ್ದು, ಬೀದಿಬೀದಿಗೆ ಸಮಿತಿ ಕಟ್ಟಿದ್ದು, ನಾಯಕರು ಒಳಗೆ ಹೋದರೂ ಕೆಲಸ ನಿಲ್ಲದಂತೆ ನೋಡಿಕೊಂಡದ್ದು ಈ ಭಾಗದ ಗಟ್ಟಿ ಅಂಶಗಳು. ಕ್ರಾಡಾಕ್ ಊರಿನ ಮ್ಯಾಥ್ಯೂ ಗೊನಿವೆ ಮತ್ತು ಮೂವರು ಸಂಗಾತಿಗಳನ್ನು ಜೂನ್ ಕೊನೆಯಲ್ಲಿ ಪೊಲೀಸರು ಕೊಂದರು. ಜುಲೈ 20ರಂದು ಅವರ ಅಂತ್ಯಕ್ರಿಯೆಗೆ ಜನಸಮುದ್ರ ಸೇರಿದ ದಿನವೇ ತುರ್ತುಪರಿಸ್ಥಿತಿ ಘೋಷಣೆ. ಇಲ್ಲಿ ಚಿತ್ರದ ಲೆಕ್ಕ ಸ್ವಲ್ಪ ಜಾರುತ್ತದೆ. ಬಹಿಷ್ಕಾರಕ್ಕೆ ಎಲ್ಲರೂ ಮನಸಾರೆ ಒಪ್ಪಿ ಬಂದವರಲ್ಲ. ಆ ವರ್ಷಗಳಲ್ಲಿ ಕದ್ದು ಕೊಂಡವರ ಚೀಲ ಕಸಿದು, ಕೊಂಡ ಎಣ್ಣೆ ಸೋಪನ್ನು ಅವರಿಗೇ ತಿನ್ನಿಸಿದ ಹುಡುಗರಿದ್ದರು. ಸಹಕರಿಸಿದವರೆಂದು ಶಂಕೆ ಬಂದವರ ಕೊರಳಿಗೆ ಟೈರು ಹಾಕಿ ಸುಟ್ಟದ್ದೂ ಉಂಟು. ಮತ್ತೊಂದು ಕಡೆ, ಅದೇ ಜುಲೈ ಕೊನೆಯಲ್ಲಿ ಚೇಸ್ ಮ್ಯಾನ್‌ಹಟನ್ ಬ್ಯಾಂಕು ದಕ್ಷಿಣ ಆಫ್ರಿಕಾದ ಸಾಲ ನವೀಕರಿಸುವುದಿಲ್ಲ ಎಂದಿತು, ಅಲ್ಲಿನ ನಾಣ್ಯ ರ‍್ಯಾಂಡ್ ಕುಸಿಯಿತು. ವ್ಯಾಪಾರಿಗಳ ಎದೆ ನಡುಗಿದ್ದಕ್ಕೆ ಎರಡೂ ಕಾರಣ. ಹೊರಗಿನ ಒತ್ತಡವನ್ನು ಇಷ್ಟು ಪಕ್ಕಕ್ಕೆ ಸರಿಸಿದರೆ ನೋಡಿದವರು ತಮ್ಮೂರಿನಲ್ಲಿ ಒಂದು ಬಹಿಷ್ಕಾರ ಮಾಡಿ ನಾಲ್ಕು ತಿಂಗಳಲ್ಲಿ ಫಲ ಬರುತ್ತದೆಂದು ಕಾದು ಕೂರುತ್ತಾರೆ.

ಬಹಿಷ್ಕಾರ ಮುರಿಯುವುದು ಎಲ್ಲಿ ಎಂಬ ಪ್ರಶ್ನೆಯನ್ನು ಇಲ್ಲಿ ನಿಲ್ಲಿಸಿ ಕೇಳಬೇಕು. ಮೊದಲನೆಯದು ಪರ್ಯಾಯ ಅಂಗಡಿ. ತಮ್ಮವರ ಅಂಗಡಿಯಲ್ಲಿ ಹಾಲು ಹಿಟ್ಟು ಸಿಗದಿದ್ದರೆ, ಸಿಕ್ಕರೂ ದರ ಏರಿಸಿದರೆ ಮೂರನೇ ವಾರಕ್ಕೆ ಹೆಂಗಸರೇ ಹೊರಗೆ ಕೊಳ್ಳಲು ಹೊರಡುತ್ತಾರೆ, ಅವರನ್ನು ಬಯ್ಯುವಂತಿಲ್ಲ. ಎರಡನೆಯದು ಮುಗಿಯುವ ದಿನಾಂಕ. ಕೊನೆಯೇ ಇಲ್ಲದ ಬಹಿಷ್ಕಾರ ತಾನಾಗಿ ಸೋರಿಹೋಗುತ್ತದೆ. ನಿಲ್ಲಿಸಿ ಮತ್ತೆ ಶುರುಮಾಡುವ ಶಕ್ತಿ ಇದೆಯೆಂದು ತೋರಿಸಿದರೆ ಎದುರಾಳಿ ಮಾತಿಗೆ ಬರುತ್ತಾನೆ. ಪೋರ್ಟ್ ಎಲಿಜಬೆತ್‌ನಲ್ಲಿ 1986ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು, ಜೂನ್ 12ರ ದೇಶವ್ಯಾಪಿ ತುರ್ತುಪರಿಸ್ಥಿತಿಯ ನಂತರ ಜ್ಯಾಕ್ ಸೇರಿ ಸಾವಿರಾರು ಜನ ಒಳಗೆ ಹೋದರು.

ಡೆನ್ಮಾರ್ಕ್ ಭಾಗವನ್ನು ಬೇಗ ನೋಡಿ ಮುಗಿಸಬಹುದು. 1944ರ ಜೂನ್ ಕೊನೆಯಲ್ಲಿ ರಾತ್ರಿ 8ರಿಂದ ಕರ್ಫ್ಯೂ ಹಾಕಿದಾಗ ಕೋಪನ್‌ಹೇಗನ್ ಹಡಗುಕಟ್ಟೆಯ ಕಾರ್ಮಿಕರು, ಸಂಜೆ ತರಕಾರಿ ತೋಟಕ್ಕೆ ನೀರು ಹಾಕಲಾಗುತ್ತಿಲ್ಲ, ಅದಕ್ಕೆ ಮಧ್ಯಾಹ್ನವೇ ಮನೆಗೆ ಹೊರಟೆವು ಎಂದು ಕೆಲಸ ಬಿಟ್ಟ ಪ್ರಸಂಗ ಮಾತ್ರ ತಪ್ಪಿಸಿಕೊಳ್ಳಬಾರದು. ಇದನ್ನು ಮುಷ್ಕರ ಎಂದು ಕರೆಯಲೂ ಆಗದೆ ಜರ್ಮನ್ನರು ತಲೆ ಕೆಡಿಸಿಕೊಂಡರು. ಮುಂದೆ ಅದೇ ಇಡೀ ನಗರದ ಮುಷ್ಕರವಾಯಿತು. ನೀರು, ಗ್ಯಾಸು, ವಿದ್ಯುತ್ ಕತ್ತರಿಸಿದರೂ ಜನ ಬಗ್ಗಲಿಲ್ಲ. 1943ರ ಅಕ್ಟೋಬರಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಮೀನುಗಾರರ ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದ್ದೂ ಈ ಕಾಲದ್ದೇ. ತಕರಾರು ಏನೆಂದರೆ, ಡೆನ್ಮಾರ್ಕಿನ ಪ್ರತಿರೋಧದಲ್ಲಿ ಕಾರ್ಖಾನೆ, ರೈಲುಹಳಿಗಳಿಗೆ ಬಾಂಬ್ ಇಟ್ಟವರ ಪಾಲು ದೊಡ್ಡದು. ಅದನ್ನು ಅಹಿಂಸೆಯ ಚೌಕಟ್ಟಿಗೆ ತುರುಕುವುದು ಬಲವಂತದ ಕೆಲಸ. ಮೇಲಾಗಿ ಆ ದೇಶವನ್ನು ಬಿಡಿಸಿದ್ದು ಯುದ್ಧಭೂಮಿಯಲ್ಲಿ ಜರ್ಮನಿಯ ಸೋಲು.

ಪೋಲೆಂಡಿನ ಭಾಗ ಮತ್ತೆ ಮೇಲೇಳುತ್ತದೆ. 1970ರ ಡಿಸೆಂಬರಿನಲ್ಲಿ ಗ್ದಾನ್ಸ್ಕ್ ಹಡಗುಕಟ್ಟೆಯ ಕಾರ್ಮಿಕರು ಬೀದಿಗೆ ಬಂದು ಆಳುವ ಕಮ್ಯುನಿಸ್ಟ್ ಪಕ್ಷದ ಕಚೇರಿಗೆ ಬೆಂಕಿ ಇಟ್ಟರು, ಸೈನ್ಯ ಗುಂಡು ಹಾರಿಸಿತು, ಹತ್ತಾರು ಜನ ಸತ್ತರು. ಹತ್ತು ವರ್ಷದ ನಂತರ, 1980ರ ಆಗಸ್ಟ್ 14ರಂದು, ಕ್ರೇನ್ ನಡೆಸುತ್ತಿದ್ದ ಅನ್ನಾ ವಾಲೆಂಟಿನೋವಿಚ್ ಅವರನ್ನು ವಜಾ ಮಾಡಿದ್ದಕ್ಕೆ ಮುಷ್ಕರ ಹೂಡಿದಾಗ ಅವರು ಬೀದಿಗೆ ಬರಲೇ ಇಲ್ಲ. ಗೇಟು ಹಾಕಿಕೊಂಡು ಒಳಗೇ ಕುಳಿತರು. ಯಂತ್ರಗಳು ಅವರ ಕೈಲಿ, ಗುಂಡು ಹಾರಿಸಲು ಗುಂಪಿಲ್ಲ, ಒಳಗೆ ನುಗ್ಗಿದರೆ ದೇಶದ ದೊಡ್ಡ ಹಡಗುಕಟ್ಟೆಗೇ ಹಾನಿ. ಹೆಂಡ ನಿಷೇಧ. ಉಪಪ್ರಧಾನಿ ಯಾಗೆಲ್ಸ್ಕಿ ಮಾತುಕತೆಗೆ ಬಂದಾಗ ಒಳಗಿನ ಮಾತೆಲ್ಲ ಧ್ವನಿವರ್ಧಕದಲ್ಲಿ ಹೊರಗಿನ ಸಾವಿರಾರು ಜನರಿಗೆ ನೇರ ಕೇಳಿಸುವಂತೆ ಮಾಡಿದ್ದು ಈ ಮುಷ್ಕರದ ಅತಿ ಚುರುಕು ನಡೆ. ನಾಯಕರು ಒಳಗೊಳಗೇ ರಾಜಿಯಾದರೆಂಬ ಗುಮಾನಿಗೆ ಜಾಗವೇ ಉಳಿಯಲಿಲ್ಲ, ಸರ್ಕಾರದವರಿಗೂ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಹೇಳಲು ಆಗಲಿಲ್ಲ.

ಮುಷ್ಕರದ ನಾಯಕ ಲೆಕ್ ವಲೆಸಾ ಗೋಡೆ ಹತ್ತಿ ಬಂದ ಕಥೆ ಎಲ್ಲರಿಗೂ ಗೊತ್ತು. ಆದರೆ ಆಗಸ್ಟ್ 16ರಂದು ಸಂಬಳ ಏರಿಕೆ ಒಪ್ಪಿ ಮುಷ್ಕರ ಮುಗಿದೇಹೋಯಿತು ಎನ್ನುವಾಗ ಅದನ್ನು ಹಿಡಿದು ನಿಲ್ಲಿಸಿದವರು ಹೆಂಗಸರು: ವಾಲೆಂಟಿನೋವಿಚ್, ನರ್ಸ್ ಅಲಿನಾ ಪಿಯೆಂಕೋವ್ಸ್ಕಾ, ಟ್ರ್ಯಾಮ್ ಚಾಲಕಿ ಹೆನ್ರಿಕಾ ಕ್ಷಿವೋನೋಸ್. ದೊಡ್ಡ ಹಡಗುಕಟ್ಟೆ ಕೈಬಿಟ್ಟರೆ ಬೆಂಬಲಕ್ಕೆ ಮುಷ್ಕರ ಹೂಡಿದ ಸಣ್ಣ ಕಾರ್ಖಾನೆಗಳನ್ನು ಸರ್ಕಾರ ಒಂದೊಂದಾಗಿ ಹೊಸಕಿಹಾಕುತ್ತದೆ ಎಂದು ಅವರು ಗೇಟಿನಲ್ಲಿ ನಿಂತು ಕೂಗಿದರು. ಸ್ವಂತ ಸಂಬಳದ ಮುಷ್ಕರ ಆ ಗಂಟೆಯಿಂದ ಎಲ್ಲರ ಮುಷ್ಕರವಾಯಿತು, ಮರುದಿನ 21 ಬೇಡಿಕೆಗಳ ಪಟ್ಟಿ ಸಿದ್ಧವಾಯಿತು. ಮೊದಲ ಬೇಡಿಕೆಯೇ ಪಕ್ಷದ ಹಿಡಿತವಿಲ್ಲದ ಸ್ವತಂತ್ರ ಕಾರ್ಮಿಕ ಸಂಘ. ಪ್ಲೈವುಡ್ ಹಲಗೆಯ ಮೇಲೆ ಕೈಯಲ್ಲಿ ಬರೆದ ಆ ಪಟ್ಟಿ ಈಗ ಯುನೆಸ್ಕೋದ ಜಾಗತಿಕ ಸ್ಮೃತಿ ದಾಖಲೆಯಲ್ಲಿದೆ. 1981ರ ಡಿಸೆಂಬರ್ 13ರ ಸೈನಿಕ ಆಡಳಿತದ ನಂತರ ಹೀಗೆ ಹುಟ್ಟಿದ ಸ್ವತಂತ್ರ ಸಂಘ ಸಾಲಿಡಾರಿಟಿ ಭೂಗತವಾಗಿ ಏಳು ವರ್ಷಕ್ಕೂ ಹೆಚ್ಚು ಬದುಕುಳಿದದ್ದು ಹೇಗೆ ಎಂಬುದೇ ಬೇರೊಂದು ಚಿತ್ರಕ್ಕಾಗುವಷ್ಟಿದೆ. ಇಲ್ಲಿ ಅದಕ್ಕೆ ಸಿಕ್ಕ ಸಮಯ ತೀರಾ ಕಡಿಮೆ.

ಚಿಲಿಯ ಭಾಗ ಭಯದ ವಿರುದ್ಧ ಏನು ಮಾಡಬೇಕು ಎಂಬ ಪ್ರಶ್ನೆಗೆ ಸಿಗುವ ಒಳ್ಳೆಯ ಪಾಠ. 1973ರಿಂದ ಹತ್ತು ವರ್ಷ ಬಾಯಿ ತೆರೆದವರು ಕಾಣೆಯಾಗುತ್ತಿದ್ದ ದೇಶ. 1983ರಲ್ಲಿ ತಾಮ್ರ ಗಣಿ ಕಾರ್ಮಿಕರ ನಾಯಕ ರೊಡೊಲ್ಫೊ ಸೆಗೆಲ್, ಇನ್ನೂ ಮೂವತ್ತು ದಾಟದವರು, ಮುಷ್ಕರಕ್ಕೆ ಕರೆಕೊಟ್ಟರು. ಸೈನ್ಯ ಗಣಿಗಳನ್ನು ಸುತ್ತುವರಿಯಿತು. ಮುಷ್ಕರ ಹೂಡಿದರೆ ಹೆಣ ಬೀಳುವುದು ಖಚಿತ. ಆಗ ಯೋಜನೆ ಬದಲಾಯಿತು. ಮೇ 11ರಂದು ನಿಧಾನ ನಡೆಯಿರಿ, ಗಾಡಿ ನಿಧಾನ ಓಡಿಸಿ, ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಅಂಗಡಿಗೆ ಹೋಗಬೇಡಿ, ರಾತ್ರಿ 8ಕ್ಕೆ ಮನೆಯೊಳಗೇ ಪಾತ್ರೆ ಬಡಿಯಿರಿ. ನಿಧಾನ ನಡೆದವನನ್ನು ಯಾವ ಸೆಕ್ಷನ್‌ನಲ್ಲಿ ಹಿಡಿಯುವುದು? ಪಾತ್ರೆಯ ಸದ್ದು ಕೇಳಿದಾಗ ತಿಳಿದದ್ದು ಮುಖ್ಯ: ಪಕ್ಕದ ಮನೆಯವನೂ ನಮ್ಮ ಹಾಗೆಯೇ ಯೋಚಿಸುತ್ತಿದ್ದಾನೆ. ತಮಾಷೆಯೆಂದರೆ 1971ರಲ್ಲಿ ಅಯೆಂದೆಯವರ ಎಡಪಂಥೀಯ ಸರ್ಕಾರದ ವಿರುದ್ಧ ಖಾಲಿ ಪಾತ್ರೆ ಬಡಿದದ್ದು ಅನುಕೂಲಸ್ಥ ಮನೆಯ ಹೆಂಗಸರು. ಸಾಧನಕ್ಕೆ ಪಕ್ಷವಿಲ್ಲ.

ಎಲ್ಲಿ ಕೆಟ್ಟಿತು ಎಂಬುದನ್ನೂ ಈ ಭಾಗ ಉಳಿದವುಗಳಿಗಿಂತ ನೇರವಾಗಿ ಹೇಳುತ್ತದೆ. ಪ್ರತಿ ತಿಂಗಳ ಪ್ರತಿಭಟನೆ ಬರಬರುತ್ತಾ ಬಡಾವಣೆಗಳಲ್ಲಿ ಕಲ್ಲು, ಬೆಂಕಿಗೆ ತಿರುಗಿತು. ಆಗಸ್ಟ್‌ನಲ್ಲಿ ಸಾಂಟಿಯಾಗೋಗೆ 18,000 ಸೈನಿಕರು ಇಳಿದರು, ಮಧ್ಯಮ ವರ್ಗ ಹಿಂದೆ ಸರಿಯಿತು. 1986ರ ಸೆಪ್ಟೆಂಬರ್ 7ರಂದು ಸಶಸ್ತ್ರ ಗುಂಪು ಪಿನೋಶೆಯನ್ನು ಕೊಲ್ಲಲು ಹೋಗಿ ಐವರು ಅಂಗರಕ್ಷಕರನ್ನು ಕೊಂದಿತು. ಪಿನೋಶೆ ಬದುಕಿದ, ದಬ್ಬಾಳಿಕೆಗೆ ಹೊಸ ನೆಪ ಸಿಕ್ಕಿತು. ಕೊನೆಗೆ ಜನರಲ್ ತಾನೇ ಬರೆಸಿಕೊಂಡ ಸಂವಿಧಾನದ ಪ್ರಕಾರ ಅವನು ಮುಂದುವರಿಯಬೇಕೇ ಬೇಡವೇ ಎಂಬ 1988ರ ಅಕ್ಟೋಬರ್ 5ರ ಜನಮತಗಣನೆ ಬಂತು. ವಿರೋಧಿಗಳಿಗೆ ಟಿವಿಯಲ್ಲಿ ದಿನಕ್ಕೆ 15 ನಿಮಿಷ, ಅದೂ ರಾತ್ರಿ ಬಹಳ ತಡವಾಗಿ. ಮತಗಟ್ಟೆ ಮತಗಟ್ಟೆಗೆ ತಮ್ಮವರನ್ನು ನಿಲ್ಲಿಸಿ ಎಣಿಕೆಯನ್ನು ಸಮಾನಾಂತರವಾಗಿ ತಾವೇ ಒಟ್ಟುಗೂಡಿಸಿದರು. ಸರ್ಕಾರ ಫಲಿತಾಂಶ ಎಳೆದಾಡುತ್ತಿದ್ದ ರಾತ್ರಿ ವಾಯುಸೇನೆಯ ಮುಖ್ಯಸ್ಥ ಮತೇಯಿ ಅರಮನೆಗೆ ಹೋಗುತ್ತಾ ‘ಬೇಡ’ ಪಕ್ಷ ಗೆದ್ದಿದೆ ಎಂದು ಪತ್ರಕರ್ತರೆದುರೇ ಹೇಳಿಬಿಟ್ಟರು. ಸುಮಾರು ಶೇ. 56 ಮತ ಪಿನೋಶೆ ವಿರುದ್ಧ. ಸ್ವಂತ ಎಣಿಕೆ ಇಲ್ಲದಿದ್ದರೆ ಆ ರಾತ್ರಿ ಬೇರೆ ರೀತಿ ಮುಗಿಯುವ ಸಾಧ್ಯತೆ ಸಾಕಷ್ಟಿತ್ತು.

ಶಾಲೆ ಕಾಲೇಜಿನಲ್ಲೋ ಸಂಘದ ಸಭೆಯಲ್ಲೋ ತೋರಿಸುವವರಿಗೆ ಕೆಲವು ಮಾತು. ಒಂದೇ ಸಲ ಕೂರಿಸಿ ಆರನ್ನೂ ತೋರಿಸಬೇಡಿ. ನಾಲ್ಕನೆಯದರ ಹೊತ್ತಿಗೆ ಎಲ್ಲ ಮೆರವಣಿಗೆಗಳೂ ಒಂದೇ ಥರ ಕಾಣತೊಡಗುತ್ತವೆ. ಒಂದು ಭಾಗ, ಮೇಲೆ ಅಷ್ಟೇ ಹೊತ್ತಿನ ಚರ್ಚೆ. ಚಿತ್ರದ ಕ್ರಮಕ್ಕೆ ಅಂಟಿಕೊಳ್ಳದೆ ನ್ಯಾಶ್ವಿಲ್, ಪೋಲೆಂಡ್, ಚಿಲಿ ಎಂದು ಹೋದರೆ ತರಬೇತಿ, ಜಾಗದ ಆಯ್ಕೆ, ಭಯ ಮುರಿಯುವುದು ಈ ಮೂರೂ ಒಂದರ ಮೇಲೊಂದು ಕೂರುತ್ತವೆ. ಹಳೆಯ ಟಿವಿ ಅಳತೆಯ ಚಿತ್ರ ಇದು. ಪ್ರೊಜೆಕ್ಟರ್ ಅಗಲಕ್ಕೆ ಎಳೆಯದಂತೆ 4:3ಕ್ಕೆ ಹೊಂದಿಸಿ, ಇಲ್ಲದಿದ್ದರೆ ಲಾಸನ್ ಅವರಿಂದ ವಲೆಸಾವರೆಗೆ ಎಲ್ಲರ ಮುಖವೂ ಉಬ್ಬಿಕೊಳ್ಳುತ್ತದೆ. ಹಳೆಯ ತುಣುಕುಗಳ ಧ್ವನಿ ಅಷ್ಟಕ್ಕಷ್ಟೇ, ಲ್ಯಾಪ್‌ಟಾಪಿನ ಸ್ಪೀಕರ್ ಸಾಲದು. ನಿರೂಪಣೆ ಶುದ್ಧ ಇಂಗ್ಲಿಷ್, ಅರ್ಥವಾಗುತ್ತದೆ; ದಕ್ಷಿಣ ಆಫ್ರಿಕಾದವರ ಉಚ್ಚಾರಣೆ ಮೊದಲ ಸಲ ಕೇಳುವವರಿಗೆ ಕಷ್ಟ. ಹತ್ತು ಹತ್ತು ನಿಮಿಷಕ್ಕೆ ನಿಲ್ಲಿಸಿ ಒಬ್ಬರು ಕನ್ನಡದಲ್ಲಿ ಎರಡು ಮಾತು ಹೇಳುವುದೇ ಸರಿಯಾದ ದಾರಿ. ಹೆಸರು, ವರ್ಷ, ಊರುಗಳನ್ನು ಮುಂಚೆಯೇ ಬೋರ್ಡಿನ ಮೇಲೆ ಬರೆದಿಡಿ. ನ್ಯಾಶ್ವಿಲ್ ತರಬೇತಿಯ ದೃಶ್ಯ ಮುಗಿದ ಕೂಡಲೇ ನಿಲ್ಲಿಸಿ, ಇಬ್ಬರು ಮೂವರನ್ನು ಕುರ್ಚಿಯಲ್ಲಿ ಕೂರಿಸಿ ಅದನ್ನೇ ಮಾಡಿಸಿದರೆ ಒಂದು ಗಂಟೆಯ ಉಪನ್ಯಾಸ ಉಳಿಯುತ್ತದೆ. ಮೈ ಮುಟ್ಟುವುದು ಬೇಡ, ಬರೀ ಮಾತಿನ ಕೆಣಕು ಸಾಕು. ಜಾತಿಯ ಬೈಗುಳ ಬೇಡವೆಂದು ಮೊದಲೇ ಹೇಳಿರಬೇಕು.

ದೊಡ್ಡ ತಕರಾರು ಇರುವುದು ಆಯ್ಕೆಯ ಮೇಲೆ. ಆರಕ್ಕೆ ಆರೂ ಒಂದಲ್ಲ ಒಂದು ಬಗೆಯಲ್ಲಿ ಗೆದ್ದ ಕಥೆಗಳು. ಸೈನ್ಯ ಹೊಸಕಿಹಾಕಿದ 1988ರ ಬರ್ಮಾ, ಚೀನಾದ 1989ರ ತಿಯಾನನ್ಮೆನ್ ಚಳವಳಿಗಳು ಇಲ್ಲಿಲ್ಲ. ಸೋತ ಹೋರಾಟವನ್ನು ಬಿಡಿಸಿ ನೋಡದೆ ಗೆದ್ದದ್ದು ಏಕೆ ಗೆದ್ದಿತೆಂದು ಹೇಳಲಾಗದು. ಇದಾದ ಹತ್ತು ವರ್ಷದ ನಂತರ ಸಂಶೋಧಕರಾದ ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೆಫಾನ್ 1900ರಿಂದ 2006ರವರೆಗಿನ 323 ಚಳವಳಿಗಳನ್ನು ಲೆಕ್ಕ ಹಾಕಿದರು. ಅಹಿಂಸೆಯ ದಾರಿ ಹಿಡಿದವುಗಳಲ್ಲಿ ಅರ್ಧಕ್ಕೆ ತುಸು ಹೆಚ್ಚು ಗೆದ್ದರೆ, ಶಸ್ತ್ರ ಹಿಡಿದವುಗಳಲ್ಲಿ ಸುಮಾರು ಕಾಲು ಭಾಗ. ಅಂದರೆ ಅಹಿಂಸಾ ಚಳವಳಿಗಳಲ್ಲೂ ಹೆಚ್ಚುಕಡಿಮೆ ಅರ್ಧ ಸೋತಿವೆ ಅಥವಾ ಅರ್ಧದಾರಿಯಲ್ಲೇ ನಿಂತಿವೆ. ಆ ಅರ್ಧದ ಒಂದು ಕಥೆಯಾದರೂ ಡೆನ್ಮಾರ್ಕಿನ ಜಾಗದಲ್ಲಿ ಇರಬೇಕಿತ್ತು.

ಇದು ಹಿಡಿಸಿದವರು ಯಾರ್ಕ್ ಅವರದೇ ‘ಬ್ರಿಂಗಿಂಗ್ ಡೌನ್ ಎ ಡಿಕ್ಟೇಟರ್’ (2002) ನೋಡಬಹುದು. ಒಂದು ಗಂಟೆಗೂ ಕಡಿಮೆ, ನಿರೂಪಣೆ ಮಾರ್ಟಿನ್ ಶೀನ್. 2000ದ ಅಕ್ಟೋಬರ್ 5ರಂದು ಸರ್ಬಿಯಾದ ಮಿಲೊಸೆವಿಚ್‌ನನ್ನು ಇಳಿಸುವಲ್ಲಿ ಒಟ್ಪೋರ್ ಎಂಬ ವಿದ್ಯಾರ್ಥಿ ಸಂಘಟನೆ ಮಾಡಿದ ಕೆಲಸದ ಚಿತ್ರ. ಮುಷ್ಟಿಯ ಗುರುತು, ‘ಅವನ ಕಥೆ ಮುಗಿಯಿತು’ ಎಂಬ ಸ್ಟಿಕರ್, ಬಂಧಿಸಲು ಒಬ್ಬ ನಾಯಕನೇ ಸಿಗದಂಥ ರಚನೆ ಎಲ್ಲವೂ ಚುರುಕಾಗಿದೆ. ಅಮೆರಿಕದ ಹಣ ಹರಿದುಬಂದದ್ದು, ನಿವೃತ್ತ ಅಮೆರಿಕನ್ ಕರ್ನಲ್ ರಾಬರ್ಟ್ ಹೆಲ್ವಿ ಬುಡಾಪೆಸ್ಟಿನಲ್ಲಿ ತರಬೇತಿ ಕೊಟ್ಟದ್ದು ಸಾರ್ವಜನಿಕ ದಾಖಲೆಯಲ್ಲಿರುವ ವಿಷಯಗಳು. ಸಭೆಯಲ್ಲಿ ಮೊದಲ ಪ್ರಶ್ನೆ ಅದರ ಮೇಲೇ ಬರುತ್ತದೆ. ಆರು ಭಾಗಗಳ ನಂತರವೇ ಇದನ್ನು ತೋರಿಸಿ, ಅದಕ್ಕಿಂತ ಮುಂಚೆ ಬೇಡ. ನ್ಯಾಶ್ವಿಲ್ಲಿನ ಚರ್ಚ್ ಕೊಠಡಿಯನ್ನು ನೋಡಿಕೊಂಡು ಬಂದವರು ಬುಡಾಪೆಸ್ಟಿನ ಹೋಟೆಲ್ ಕೊಠಡಿಯ ತರಬೇತಿಯಲ್ಲಿ ಯಾವುದು ಹೊರಗಿನದು, ಯಾವುದು ಬೆಲ್‌ಗ್ರೇಡಿನ ಹುಡುಗರ ಸ್ವಂತದ್ದು ಎಂದು ತಾವೇ ಬೇರ್ಪಡಿಸಿ ನೋಡಬಲ್ಲರು.